ತಾರಸಿಯ ಕಾವು ಇಳಿಸುವ ಬಗೆ

ಏಪ್ರಿಲ್ ಬಂತೆಂದರೆ ಕೋಟೇಶ್ವರ, ಹಂಗಳೂರು, ಸಾಲಿಗ್ರಾಮದ ಕಡೆಯ ಹೊಸ ಮನೆಗಳಲ್ಲಿ ರಾತ್ರಿ ಹತ್ತಾದರೂ ಫ್ಯಾನಿನಿಂದ ಬರುವುದು ಬಿಸಿಗಾಳಿಯೇ. ಅಂಗಳಕ್ಕಿಳಿದರೆ ತುಸು ಹಾಯೆನಿಸುತ್ತದೆ, ಒಳಗೆ ಕೂರಲಾಗದು. ಹಗಲಿಡೀ ಬಿಸಿಲು ಕುಡಿದ ಐದಾರು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಸಂಜೆಯಿಂದ ಆ ಕಾವನ್ನು ಕೆಳಗಿನ ಕೋಣೆಗೆ ಬಿಡತೊಡಗುತ್ತದೆ. ಗಾಳಿಯಲ್ಲಿ ತೇವಾಂಶ ತುಂಬಿರುವ ಕರಾವಳಿಯಲ್ಲಿ ರಾತ್ರಿಯೂ ಹೆಚ್ಚು ತಂಪಾಗುವುದಿಲ್ಲ. ಸ್ಲ್ಯಾಬ್ ಪೂರ್ತಿ ಆರುವ ಮೊದಲೇ ಬೆಳಗಾಗಿರುತ್ತದೆ.

ಹಂಚಿನ ಮನೆಯಲ್ಲಿ ಈ ಕಷ್ಟ ಇಷ್ಟಿರಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಉದ್ಯಮ ಕರಾವಳಿಯುದ್ದಕ್ಕೂ ಹರಡಿತು, ಕುಂದಾಪುರದ ಹೊಳೆಬದಿಗೂ ಬಂತು. ತೆಳ್ಳಗಿನ ಹಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಪಕಾಸು, ರೀಪುಗಳ ಮೇಲೆ ಕೂತ ಹಂಚುಗಳ ಸಂದಿನಲ್ಲಿ ಬಿಸಿಗಾಳಿ ಹೊರಟುಹೋಗುತ್ತದೆ. ಅದರ ಕೆಳಗೆ ಅಟ್ಟ, ಅಟ್ಟಕ್ಕೆ ಹಲಗೆಯ ಮುಚ್ಚಿಗೆ. ಕಾವು ಚಾವಡಿಗೆ ಇಳಿಯಬೇಕಾದರೆ ಇಷ್ಟನ್ನೂ ದಾಟಬೇಕಿತ್ತು. ತಾರಸಿ ಮನೆ ಕಟ್ಟುವಾಗ ಹಂಚಿನ ಜೊತೆಗೆ ಈ ಅಟ್ಟವೂ ಹೋಯಿತು. ದೊಡ್ಡ ನಷ್ಟ ಅದೇ.

ಆ ಅಟ್ಟವನ್ನು ಜನ ಈಗ ಬೇರೆ ರೂಪದಲ್ಲಿ ಮರಳಿ ತರುತ್ತಿದ್ದಾರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯಲ್ಲಿ ಸಾಗಿದರೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದೆಸಿದ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಹೆಚ್ಚಿನವರು ಶೀಟ್ ಹಾಕಿಸಿದ್ದು ಮಳೆಗಾಲದ ಸೋರಿಕೆಗೆ ಹೆದರಿ. ಅಡಿಯಲ್ಲಿ ಹಗ್ಗ ಕಟ್ಟಿ ಜುಲೈಯಲ್ಲೂ ಬಟ್ಟೆ ಒಣಗಿಸುತ್ತಾರೆ, ಒಂದು ಮೂಲೆಯಲ್ಲಿ ತೆಂಗಿನಕಾಯಿ ರಾಶಿ. ಆದರೆ ಬೇಸಗೆಯಲ್ಲಿ ಈ ಶೀಟು ಮಾಡುವ ಕೆಲಸ ಅಷ್ಟೇ ದೊಡ್ಡದು: ಸ್ಲ್ಯಾಬ್ ನೆರಳಿನಲ್ಲಿರುತ್ತದೆ, ನಡುವಿನ ಜಾಗದಲ್ಲಿ ಗಾಳಿ ಆಡುತ್ತದೆ. ಶೀಟು ಎತ್ತರವಾಗಿರಬೇಕು, ಬದಿಗಳು ತೆರೆದಿರಬೇಕು. ತಗ್ಗಿಸಿ ಸುತ್ತಲೂ ಮುಚ್ಚಿಬಿಟ್ಟರೆ ಕಾದ ಶೀಟಿನ ಝಳ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಂಗೊಳ್ಳಿ, ಮರವಂತೆಯಂಥ ಕಡಲಬದಿಯಲ್ಲಿ ಉಪ್ಪುಗಾಳಿಗೆ ಸಾಧಾರಣ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಅಲ್ಯೂಮಿನಿಯಂ ಶೀಟು, ಗಟ್ಟಿ ಬೋಲ್ಟುಗಳಿಗೆ ಹಣ ಹಾಕುವುದೇ ಲೇಸು.

ಚಳಿದೇಶಗಳ ಪದ್ಧತಿ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಗೋಡೆ, ಅಟ್ಟಗಳಿಗೆ ಉಣ್ಣೆಯಂಥ ಪದಾರ್ಥ ತುಂಬಿ ಗಾಳಿಯಾಡದಂತೆ ಮುಚ್ಚುವುದು ಒಳಗಿನ ಬಿಸಿಯನ್ನು ಹಿಡಿದಿಡಲು. ಬೆವರು ಆರದ ನಮ್ಮ ಊರಿಗೆ ಗಾಳಿಯ ಓಡಾಟ ಬೇಕೇ ಬೇಕು. ಬಿಳಿ ಬಣ್ಣ ಬಳಿಯುವ ಉಪಾಯ ಅಗ್ಗದ್ದು, ಒಳ್ಳೆಯದೂ ಹೌದು. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಪಾಚಿಗಟ್ಟಿ ಕಪ್ಪಾಗುತ್ತದೆ. ವರ್ಷವೂ ಉಜ್ಜಿ ತೊಳೆಯದಿದ್ದರೆ ಪ್ರಯೋಜನವಿಲ್ಲ. ವಸತಿ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತೆ’ ಛಾವಣಿಗೆ ಒಂದು ಮಿತಿ ಹಾಕಿದೆ: ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ ಪ್ರತಿ ಚದರ ಮೀಟರಿನಲ್ಲಿ 1.2 ವಾಟ್‌ಗಿಂತ ಹೆಚ್ಚು ಶಾಖ ಹರಿಯಬಾರದು. ಬರಿಯ ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಹರಿಯುವುದು ಅದರ ಸುಮಾರು ಮೂರು ಪಟ್ಟು.

ಪಡುವಣ ಗೋಡೆಯನ್ನೂ ಮರೆಯಬಾರದು. ಕಡಲಗಾಳಿ ಬರುವುದೂ ಆ ದಿಕ್ಕಿನಿಂದಲೇ, ಮೂರು ಗಂಟೆಯ ಮೇಲಿನ ಉರಿಬಿಸಿಲೂ ಅಲ್ಲಿಂದಲೇ. ಕಿಟಕಿ ತೆರೆದಿಟ್ಟು, ಹೊರಗೆ ಮಾಡು ಇಳಿಸಿ ಜಗಲಿ ಮಾಡುತ್ತಿದ್ದ ಹಿಂದಿನವರ ಕ್ರಮಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಇನ್ನು ಬಿಲ್ಲಿನ ಲೆಕ್ಕ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ಉಚಿತ ವಿದ್ಯುತ್ ಕೊಡುತ್ತದೆ. ಬಳಕೆ 200 ಯೂನಿಟ್ ಮೀರಿದ ತಿಂಗಳು ಬಿಲ್ ಪೂರ್ತಿ ಕಟ್ಟಬೇಕು. ಬೇಸಗೆಯಲ್ಲಿ ಮನೆಗಳು ಎಡವುವುದು ಇಲ್ಲೇ. 75 ವಾಟಿನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 11. ನಾಲ್ಕು ಫ್ಯಾನ್ ಬದಲಿಸಿದರೆ ತಿಂಗಳಿಗೆ ಅರವತ್ತಕ್ಕೂ ಹೆಚ್ಚು ಯೂನಿಟ್ ಉಳಿತಾಯ.

ನೇರ ಸಹಾಯಧನ ಇರುವುದು ಸೋಲಾರ್‌ಗೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ನಿಗದಿಯಾಯಿತು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನೋಂದಾಯಿತ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು. ಮೆಸ್ಕಾಂ ನೆಟ್ ಮೀಟರ್ ಕೂರಿಸಿ ಪರಿಶೀಲಿಸಿದ ಬಳಿಕ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಅಂದರೆ ಮೊದಲು ಕೈಯಿಂದ ಹಾಕಬೇಕು, ಇಲ್ಲವೇ ಸಾಲ ಮಾಡಬೇಕು. ಪ್ಯಾನಲ್‌ನಿಂದ ಇನ್ನೊಂದು ಲಾಭವೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ಯಾನಲ್‌ಗಳ ಕೆಳಗಿನ ಒಳಛಾವಣಿ ಬಿಸಿಲಿಗೆ ತೆರೆದ ಭಾಗಕ್ಕಿಂತ ಹಗಲಲ್ಲಿ ಎರಡೂವರೆ ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿತ್ತು.

ಹಾಗೆಂದು ನೆರಳಿಗಾಗಿ ಮಾಡುವ ಖರ್ಚನ್ನು ಮನೆಯವರ ತಲೆಗೇ ಬಿಡುವುದು ಸರಿಯಲ್ಲ. ನೆರೆಯ ತೆಲಂಗಾಣ 2023ರಲ್ಲೇ ತಂಪು ಛಾವಣಿಗೆಂದು ಐದು ವರ್ಷದ ನೀತಿ ತಂದು, ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೂ ದೊಡ್ಡ ನಿವೇಶನದ ಮನೆಗಳಿಗೂ ಅದನ್ನು ಕಡ್ಡಾಯ ಮಾಡಿತು. ಸೆಕೆಯಲ್ಲಿ ಬೇಯುವ ಕರಾವಳಿಗೆ ಅಂಥ ನೀತಿಯ ಜೊತೆಗೆ ಸಣ್ಣ ಮನೆಗಳಿಗೆ ಒಂದಿಷ್ಟು ಸಹಾಯಧನವೂ ಬೇಕು. ಸದ್ಯಕ್ಕೆ ಕೈಯಲ್ಲಿರುವ ಹಣಕ್ಕೆ ಕ್ರಮ ಇಷ್ಟು: ಮೊದಲು ಫ್ಯಾನ್, ಆಮೇಲೆ ತಾರಸಿಗೆ ನೆರಳು, ಕಾವು ಇಳಿದು ಬಳಕೆ ಕಡಿಮೆಯಾದ ಮೇಲೆ ಎಷ್ಟು ಕಿಲೋವಾಟ್ ಬೇಕೆಂದು ಲೆಕ್ಕ ಹಾಕಿ ಸೋಲಾರ್. ಶೀಟಿನ ಮೇಲೆಯೇ ಪ್ಯಾನಲ್ ಕೂರಿಸುವ ಯೋಚನೆಯಿದ್ದರೆ ಕಂಬ ನಿಲ್ಲಿಸುವಾಗಲೇ ಆ ಭಾರ, ಗಾಳಿಯ ಹೊಡೆತ ಎರಡನ್ನೂ ಫ್ಯಾಬ್ರಿಕೇಶನ್‌ನವರಿಗೆ ತಿಳಿಸಬೇಕು.