ಜನರಿಂದ ಪಾಠ ಕಲಿತ ಪ್ರಾಧ್ಯಾಪಕ

ವಿಶ್ವವಿದ್ಯಾನಿಲಯವು ಜನರ ಬಳಿಗೆ ಹೋಗಬೇಕೆಂಬ ಮಾತು ಸಭೆ ಸಮಾರಂಭಗಳಲ್ಲಿ ಆಗಾಗ ಕೇಳಿಬರುತ್ತದೆ. ಹೋದ ಮೇಲೆ ಅಲ್ಲಿ ಮಾತನಾಡುವವರು ಯಾರು, ಕೇಳುವವರು ಯಾರು ಎಂಬುದನ್ನು ವಿಚಾರಿಸುವವರು ವಿರಳ. ಬ್ರೆಜಿಲ್ ದೇಶದ ಪಾವ್ಲೊ ಫ್ರೇರೆಯವರು ತಮ್ಮ ಬಾಳಿನುದ್ದಕ್ಕೂ ವಿಚಾರಿಸಿದ್ದು ಇದನ್ನೇ.

1921ರಲ್ಲಿ ಈಶಾನ್ಯ ಬ್ರೆಜಿಲಿನ ರೆಸಿಫೆ ನಗರದಲ್ಲಿ ಜನಿಸಿದ ಫ್ರೇರೆ, ಬಾಲ್ಯದಲ್ಲೇ ಹಸಿವನ್ನು ಅರಿತವರು. ಕಾನೂನು ಓದಿದರೂ ವಕೀಲಿ ವೃತ್ತಿಯನ್ನು ಕೈಬಿಟ್ಟು ಪೋರ್ಚುಗೀಸ್ ಭಾಷೆಯ ಅಧ್ಯಾಪಕರಾದರು. ಮುಂದೆ ರೆಸಿಫೆ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣದ ಇತಿಹಾಸ ಹಾಗೂ ತತ್ತ್ವಶಾಸ್ತ್ರವನ್ನು ಬೋಧಿಸಿದರು. ನಡುವೆ ಕಾರ್ಮಿಕ ಕಲ್ಯಾಣ ಸಂಸ್ಥೆಯೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಮಕ್ಕಳನ್ನು ಹೊಡೆಯಬಾರದೆಂದು ಕಾರ್ಮಿಕರಿಗೆ ಒಮ್ಮೆ ಪಾಂಡಿತ್ಯಪೂರ್ಣ ಉಪನ್ಯಾಸ ನೀಡಿದರು. ಮುಗಿದೊಡನೆ ನಲವತ್ತರ ಆಸುಪಾಸಿನ ಕಾರ್ಮಿಕನೊಬ್ಬನು ಎದ್ದು ನಿಂತು, ತಾನೆಂದೂ ಕಾಣದ ಫ್ರೇರೆಯವರ ಮನೆಯನ್ನು ಕಂಡವನಂತೆ ವರ್ಣಿಸಿದನು: ಮಕ್ಕಳಿಗೆ ಬೇರೆ ಬೇರೆ ಕೋಣೆ, ಸ್ನಾನಕ್ಕೆ ಬಿಸಿನೀರು, ಸುತ್ತ ಅಂಗಳ. ಬಳಿಕ ತನ್ನಂಥವರ ಇಕ್ಕಟ್ಟಾದ ಮನೆ, ಹಸಿದ ಮಕ್ಕಳ ಗಲಾಟೆ, ಮುಂಜಾನೆ ನಾಲ್ಕಕ್ಕೇ ಏಳಬೇಕಾದ ದೇಹದ ದಣಿವನ್ನು ಮುಂದಿಟ್ಟನು. ನಾವು ಹೊಡೆಯುವುದು ಪ್ರೀತಿಯಿಲ್ಲದೆ ಅಲ್ಲ ಎಂದನು. ಜನರಿಗೆ ತಮ್ಮ ಮಾತು ಅರ್ಥವಾಗಲಿಲ್ಲವೆಂದು ಮನೆಗೆ ಮರಳುವಾಗ ಫ್ರೇರೆ ಹೇಳಿದಾಗ, ಅರ್ಥಮಾಡಿಕೊಳ್ಳದವರು ತಾವೇ ಇರಬಹುದಲ್ಲವೇ ಎಂದು ಮಡದಿ ಎಲ್ಸಾ ಕೇಳಿದರಂತೆ. ಪ್ರವಚನಪೀಠದಲ್ಲಿ ನಿಲ್ಲುವ ನನ್ನಂಥವರಿಗೂ ಈ ಪ್ರಶ್ನೆ ನಾಟದಿರದು.

1962ರಲ್ಲಿ ಅವರು ವಿಶ್ವವಿದ್ಯಾನಿಲಯದ ಸಾಂಸ್ಕೃತಿಕ ವಿಸ್ತರಣಾ ವಿಭಾಗದ ನಿರ್ದೇಶಕರಾದರು. ಅವರ ಸಾಕ್ಷರತಾ ಪದ್ಧತಿಯಲ್ಲಿ ಮೊದಲ ಕೆಲಸವೇ ಊರಿನವರ ಮಾತನ್ನು ಕೇಳಿ, ಅವರ ಬಾಯಲ್ಲಿರುವ ಪದಗಳನ್ನು ಆರಿಸಿಕೊಳ್ಳುವುದು. ‘ತಿಜೊಲೊ’ ಎಂದರೆ ಇಟ್ಟಿಗೆ. ಇಟ್ಟಿಗೆ ಹೊರುವವರು ಯಾರು, ಅವರಿಗೆ ಮನೆಯಿದೆಯೇ ಎಂಬ ಚರ್ಚೆಯಾದ ಮೇಲೆ ಆ ಪದವನ್ನು ತಿ, ಜೊ, ಲೊ ಎಂದು ಬಿಡಿಸಿ, ನಮ್ಮ ಕಾಗುಣಿತದಂತೆಯೇ ಸ್ವರ ಬದಲಿಸಿ ಹೊಸ ಪದಗಳನ್ನು ಕಟ್ಟಿಸುತ್ತಿದ್ದರು. 1963ರಲ್ಲಿ ಆಂಜಿಕೋಸ್ ಎಂಬ ಬಡ ಊರಿನಲ್ಲಿ ವಿದ್ಯಾರ್ಥಿಗಳ ನೆರವಿನಿಂದ ಸುಮಾರು 300 ಮಂದಿ 40 ತಾಸುಗಳಲ್ಲಿ ಓದುಬರಹ ಕಲಿತರು. ಕೊನೆಯ ಪಾಠಕ್ಕೆ ರಾಷ್ಟ್ರಾಧ್ಯಕ್ಷ ಗುಲಾರ್ತ್ ಅವರೇ ಬಂದಿದ್ದರು.

ಆಗ ಬ್ರೆಜಿಲಿನಲ್ಲಿ ನಿರಕ್ಷರಿಗಳಿಗೆ ಮತದಾನದ ಹಕ್ಕಿರಲಿಲ್ಲ. ಆ ಹಕ್ಕು ಅವರಿಗೆ ದೊರೆತದ್ದು 1985ರಲ್ಲಿ. ಅಕ್ಷರ ಕಲಿತ ಕೂಲಿಯಾಳು ಮತದಾರನಾಗುತ್ತಾನೆಂಬುದು ಕೆಲವರಿಗೆ ಸಹಜವಾಗಿಯೇ ಭೀತಿ ಹುಟ್ಟಿಸಿತು. 1964ರ ಸೈನಿಕ ಕ್ರಾಂತಿಯ ನಂತರ ರಾಷ್ಟ್ರೀಯ ಸಾಕ್ಷರತಾ ಯೋಜನೆ ರದ್ದಾಯಿತು, ಫ್ರೇರೆ 70 ದಿನ ಸೆರೆಯಲ್ಲಿದ್ದರು. ಬಳಿಕ ಹದಿನೈದು ವರ್ಷಗಳ ದೇಶಾಂತರ ವಾಸ. ಚಿಲಿಯಲ್ಲಿದ್ದಾಗ ಅವರು ‘ವಿಸ್ತರಣೆ’ ಎಂಬ ಪದವನ್ನೇ ಪರೀಕ್ಷೆಗೆ ಒಡ್ಡಿದರು. ಬಲ್ಲವನು ತನ್ನಲ್ಲಿರುವುದನ್ನು ಅರಿಯದವನತ್ತ ಚಾಚುವುದೇ ಅದರ ಅರ್ಥವಾದರೆ, ಎದುರಿಗಿರುವವನು ಕೇವಲ ಪಾತ್ರೆಯಾಗುತ್ತಾನೆ ಎಂಬುದು ಅವರ ಆಕ್ಷೇಪ. ಸಂವಾದವಿಲ್ಲದೆಡೆ ಅರಿವೂ ಇಲ್ಲ. ಸಾಕ್ರಟೀಸನ ಶಿಷ್ಯರು ಇದನ್ನು ಒಪ್ಪಿಯಾರು. ನಮ್ಮ ವಿಸ್ತರಣಾ ಉಪನ್ಯಾಸಗಳ ವ್ಯವಸ್ಥಾಪಕರು ಒಪ್ಪುವರೋ ತಿಳಿಯದು.

1980ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಸಾವೊ ಪೌಲೊದ ಕಥೋಲಿಕ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. 1989ರಲ್ಲಿ ಆ ನಗರದ ಶಿಕ್ಷಣಾಡಳಿತದ ಹೊಣೆ ಹೊತ್ತರು. 1997ರ ಮೇ 2ರಂದು ತೀರಿಕೊಂಡರು. ಅದಕ್ಕೆ ಐದು ವರ್ಷ ಮೊದಲು ಪ್ರಕಟವಾದ ಗ್ರಂಥದಲ್ಲಿ, ಎಪ್ಪತ್ತು ದಾಟಿದ್ದ ಆ ಜಗದ್ವಿಖ್ಯಾತ ಶಿಕ್ಷಣತಜ್ಞರು ಅಂದು ಸಭೆಯಲ್ಲಿ ಎದ್ದು ನಿಂತ ಕಾರ್ಮಿಕನ ಮಾತುಗಳನ್ನು ಪುಟಗಟ್ಟಲೆ ನೆನೆದಿದ್ದಾರೆ.