ಅಮ್ಮನ ಕ್ಯಾಲೆಂಡರಿನ ಸುತ್ತುಗಳು

ಸಾಸಿವೆ ಸಿಡಿದ ಘಮಕ್ಕೇ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕಿಟಕಿ ಮುಚ್ಚಿ, ಹಣೆಗೆ ಒದ್ದೆ ಬಟ್ಟೆ ಬಿಗಿದು ಮಲಗಿದರೆ ಏಳುವುದು ಮರುದಿನವೇ. ಅದು ಮೈಗ್ರೇನ್ ಎಂದು ನಮಗೆ ಗೊತ್ತಾಗುವಷ್ಟರಲ್ಲಿ ಅವರಿಗೆ ಐವತ್ತು ದಾಟಿತ್ತು. ಅಮ್ಮನಂಥವರು ಒಬ್ಬಿಬ್ಬರಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದವರನ್ನು ಮಾತಾಡಿಸಿ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ ಕಂಡುಬಂದಿತ್ತು.

‘ಪಿತ್ತ ಕೆರಳಿದೆ, ವಾಂತಿಯಾದರೆ ಸರಿಹೋಗುತ್ತದೆ’

ವಾಂತಿಯಾದ ಮೇಲೆ ಕೆಲವರಿಗೆ ನೋವು ಇಳಿಯುವುದು ನಿಜ. ಆದರೆ ಮೂಲ ಇರುವುದು ಮಿದುಳಿನಲ್ಲಿ. ಮುಖ ಮತ್ತು ತಲೆಯ ನೋವನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ ಕೆರಳಿದಾಗ ಅದರ ತುದಿಗಳು ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಬಿಡುತ್ತವೆ. ವಾಕರಿಕೆ ಬರುವುದು, ಬೆಳಕು, ಸದ್ದು, ವಾಸನೆ ಸಹಿಸಲಾಗದಿರುವುದು ಇದೇ ಕಾಯಿಲೆಯ ಲಕ್ಷಣಗಳು. ನೋವಿನ ಹೊತ್ತಿನಲ್ಲಿ ಜಠರವೂ ಮಂದವಾಗುವುದರಿಂದ ತಡವಾಗಿ ನುಂಗಿದ ಮಾತ್ರೆ ರಕ್ತಕ್ಕೆ ಸೇರುವುದೂ ನಿಧಾನ. ‘ಇನ್ನೊಂದು ಗಂಟೆ ನೋಡೋಣ’ ಎಂದು ಹಲ್ಲು ಕಚ್ಚಿ ಕೂರಬೇಡಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನೋವು ಸಣ್ಣದಿರುವಾಗಲೇ ತೆಗೆದುಕೊಳ್ಳಬೇಕು.

‘ಅರ್ಧ ತಲೆ ನೋಯದಿದ್ದರೆ ಮೈಗ್ರೇನ್ ಅಲ್ಲ’

ಅರೆತಲೆನೋವು ಎಂಬ ಹೆಸರು ನಮ್ಮ ದಾರಿ ತಪ್ಪಿಸಿದೆ. ಎರಡೂ ಬದಿ ನೋಯುವವರು ಬಹಳ ಮಂದಿ.

‘ಚಾಕೊಲೇಟ್, ಚೀಸ್, ಹುಳಿ, ಎಲ್ಲ ಬಿಟ್ಟುಬಿಡಿ’

ಕೆಲವರಿಗೆ ಕೆಲವು ತಿನಿಸು ಆಗಿಬರುವುದಿಲ್ಲ, ಅಷ್ಟೇ. ಚಾಕೊಲೇಟನ್ನೇ ನೋಡಿ. ನೋವು ಶುರುವಾಗುವ ಹಿಂದಿನ ದಿನವೇ ಕೆಲವರಿಗೆ ಆಕಳಿಕೆ, ಕತ್ತು ಬಿಗಿತ, ಸಿಹಿ ತಿನ್ನುವ ಚಪಲ ಬರುತ್ತದೆ. ದಾಳಿ ಆಗಲೇ ಆರಂಭವಾಗಿರುತ್ತದೆ. ಚಪಲಕ್ಕೆ ತಿಂದ ಚಾಕೊಲೇಟಿನ ಮೇಲೆ ಆಮೇಲೆ ತಪ್ಪು ಹೊರಿಸುತ್ತೇವೆ.

ನಾನು ಕಂಡಂತೆ ನಮ್ಮ ಮನೆಗಳಲ್ಲಿ ತಿಂದದ್ದಕ್ಕಿಂತ ಹೆಚ್ಚು ಕಾಡುವುದು ಹೊತ್ತಿಗೆ ಸರಿಯಾಗಿ ತಿನ್ನದಿರುವುದು. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಹನ್ನೊಂದು ಗಂಟೆಗೆ ತಣ್ಣಗಿನ ದೋಸೆ ತಿನ್ನುವ ಹೆಂಗಸರು ಎಷ್ಟಿಲ್ಲ! ವೈದ್ಯರ ಮಾತಿನಂತೆ ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೋವು ಬಂದ ದಿನಕ್ಕೆ ಸುತ್ತು ಹಾಕತೊಡಗಿದರು. ಮೂರು ತಿಂಗಳಾದಾಗ ನೋಡಿದರೆ ಹೆಚ್ಚಿನ ಸುತ್ತುಗಳು ಏಕಾದಶಿಗೆ, ಇಲ್ಲವೇ ತಲೆಗೆ ನೀರು ಹಾಕಿಕೊಂಡ ಶುಕ್ರವಾರಕ್ಕೆ ಬಿದ್ದಿದ್ದವು. ತಲೆಸ್ನಾನಕ್ಕೂ ಮೈಗ್ರೇನಿಗೂ ಏನು ನಂಟು ಎಂದು ನಕ್ಕಿದ್ದೆವು. ಆದರೆ ಹಾಗೆ ತಲೆನೋವು ಬರುವ 94 ಭಾರತೀಯ ರೋಗಿಗಳ ವಿವರ 2006ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ. ಅಮ್ಮ ಉಪವಾಸ ಬಿಟ್ಟರು, ಕಾಫಿಯನ್ನು ದಿನಾ ಒಂದೇ ಹೊತ್ತಿಗೆ ಕುಡಿದರು, ಕೂದಲು ಬೇಗ ಒಣಗಿಸಿಕೊಂಡರು. ಸುತ್ತುಗಳು ಕಡಿಮೆಯಾದವು.

‘ನೋವು ಬಂದಾಗಲೆಲ್ಲ ಮಾತ್ರೆ ನುಂಗಿದರಾಯಿತು’

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಇದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ ಇಲ್ಲವೇ ಹಲವು ಔಷಧ ಬೆರೆತ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವು ತರತೊಡಗುತ್ತದೆ. ಕ್ಯಾಲೆಂಡರಿನಲ್ಲಿ ಮಾತ್ರೆಗೂ ಒಂದು ಗುರುತು ಹಾಕಿ.

‘ಇದಕ್ಕೆ ಮದ್ದಿಲ್ಲ, ಅನುಭವಿಸಬೇಕು’

ಬೇರುಸಹಿತ ಕೀಳುವ ಮದ್ದು ಇಲ್ಲ. ಆದರೆ ಪದೇ ಪದೇ ಬರುವುದನ್ನು ತಡೆಯುವ ಪ್ರೊಪ್ರನೊಲೊಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್ ಇವೆ. ದಿನಾ ತೆಗೆದುಕೊಂಡು ಎರಡು ಮೂರು ತಿಂಗಳು ಕಾಯಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಕೊಳ್ಳಬೇಡಿ. ಪ್ರೊಪ್ರನೊಲೊಲ್ ಅಸ್ತಮಾ ಇರುವವರಿಗೆ ಅಪಾಯ.

‘ಯಾವ ತಲೆನೋವಾದರೂ ಮೈಗ್ರೇನೇ ಇರಬೇಕು’

ಸಿಡಿಲು ಬಡಿದಂತೆ ಕ್ಷಣದಲ್ಲಿ ಏರಿದ ನೋವು, ಜ್ವರದೊಡನೆ ಕತ್ತು ಬಗ್ಗದಿರುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಐವತ್ತರ ನಂತರ ಮೊದಲ ಬಾರಿ ಶುರುವಾದ ತಲೆನೋವು: ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕೂರದೆ ತಡಮಾಡದೆ ಆಸ್ಪತ್ರೆಗೆ ಹೋಗಿ.