ಬೈಕುಲ್ಲಾದ ಗಜನಿ ಗದ್ದೆ

ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿನ ಹತ್ತಿರದ ಸಂತ ಸಾವತಾ ಮಾಳಿ ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಕಾಲಿಡಲು ಜಾಗವಿರುವುದಿಲ್ಲ. ಮೆಂತ್ಯ, ಕೊತ್ತಂಬರಿ ಕಟ್ಟುಗಳ ರಾಶಿ, ಬದಿಗೆ ಸರಿಯಿರೆಂದು ಕೂಗುತ್ತ ನುಗ್ಗುವ ಹಮಾಲರು, ಕಾಲಡಿಯಲ್ಲಿ ಎಲೆಕೋಸಿನ ಸಿಪ್ಪೆ. 1996ರಲ್ಲಿ ತರಕಾರಿಯ ಸಗಟು ವಹಿವಾಟು ವಾಶಿಯ ಎಪಿಎಂಸಿಗೆ ಹೋಯಿತು. ಆದರೂ ಇಲ್ಲಿನ ವ್ಯಾಪಾರ ನಿಂತಿಲ್ಲ. ಪಂಢರಪುರದ ಸೀಮೆಯ ಅರಣ ಎಂಬ ಊರಿನಲ್ಲಿ ತೋಟ ಮಾಡಿಕೊಂಡೇ ವಿಠಲನನ್ನು ಭಜಿಸಿದ ಸಾವತಾ ಮಾಳಿಯ ಹೆಸರು ಈ ಮಾರ್ಕೆಟ್ಟಿಗೆ ಇರುವುದು ನನಗೆ ಬಹಳ ಇಷ್ಟ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಕುಮಟೆ ಕಡೆಯ ಒಬ್ಬ ಹಿರಿಯರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಬೈಕುಲ್ಲಾದ ಗಲ್ಲಿಗಲ್ಲಿ ಬಲ್ಲವರು. ಹರಿವೆ ಸೊಪ್ಪಿನ ಚೌಕಾಸಿ ನಡೆಯುತ್ತಿದ್ದಾಗ ನಾನು, ಈ ಸುತ್ತಿನ ತಗ್ಗು ನೆಲವೆಲ್ಲ ಒಂದು ಕಾಲಕ್ಕೆ ನಿಮ್ಮೂರಿನ ಗಜನಿ ಗದ್ದೆಯ ಹಾಗೆಯೇ ಇತ್ತು ಎಂದೆ. ಅವರು ಸೊಪ್ಪಿನ ಕಟ್ಟು ಕೆಳಗಿಟ್ಟರು.

"ಗಜನಿಯಾ? ಈ ಬೈಕುಲ್ಲಾದಲ್ಲಿ? ಎಂತ ಹೇಳ್ತೀಯೋ ತಮ್ಮಾ!"

ಆಮೇಲೆ ಅವರ ಬಾಯಿ ನಿಲ್ಲಲಿಲ್ಲ. ಅಘನಾಶಿನಿಯ ಹಿನ್ನೀರಿಗೆ ಮಣ್ಣಿನ ಕಟ್ಟೆ ಹಾಕುವುದು, ಮಳೆನೀರಿಗೆ ಉಪ್ಪು ತೊಳೆದುಹೋಗುವ ತನಕ ಕಾಯುವುದು, ಉಪ್ಪಿಗೂ ನೆರೆಗೂ ಬಗ್ಗದ ಕಗ್ಗ ಭತ್ತ ಬಿತ್ತುವುದು, ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಬಿಟ್ಟು ಸಿಗಡಿ ಹಿಡಿಯುವುದು, ಎಲ್ಲವನ್ನೂ ಮಾರ್ಕೆಟ್ಟಿನ ನಡುವೆ ನಿಂತು ಕೈಯಾಡಿಸಿ ತೋರಿಸಿದರು. ಸೊಪ್ಪಿನವಳು ಬೇರೆ ಗಿರಾಕಿಯ ಕಡೆ ತಿರುಗಿದಳು. ಓದಿನಿಂದ ನನಗೆ ಒಣ ಸಂಗತಿಯಾಗಿ ಸಿಕ್ಕಿದ್ದ ಬೈಕುಲ್ಲಾದ ಗದ್ದೆಗೆ ಅಂದು ಕೆಸರು, ನೀರು, ಬೆಳೆ ಎಲ್ಲ ಬಂದವು.

ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕಾಗದಗಳಲ್ಲಿ ಇಂಥ ನೆಲಕ್ಕೆ 'ಸಾಲ್ಟ್ ಬಟ್ಟಿ ಗ್ರೌಂಡ್' ಎಂದಿದೆ. ಉಪ್ಪುನೀರು ಹಾಯುವ ಭತ್ತದ ನೆಲ. ಮಹಾಲಕ್ಷ್ಮಿ ಮತ್ತು ವರಳಿಯ ನಡುವಿನ ಕಂಡಿಯಿಂದ ಸಮುದ್ರ ಒಳನುಗ್ಗಿ ದ್ವೀಪಗಳ ನಡುವಿನ ತಗ್ಗೆಲ್ಲ ಮುಳುಗುತ್ತಿತ್ತು. 1784ರ ಹೊತ್ತಿಗೆ ಗವರ್ನರ್ ಹಾರ್ನ್‌ಬಿ ಕಾಲದ ಒಡ್ಡು ಆ ಕಂಡಿಯನ್ನು ಮುಚ್ಚಿತು. ಮುಂಬಯಿಯ ಸಮುದ್ರ ಹೂಳಿದ ಕಥೆಯನ್ನು ಎಲ್ಲರೂ ಕಟ್ಟಡಗಳ ಕಥೆಯಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೋಟೆಯ ಹೊರಗಿನ ಜೌಗು ನೆಲವನ್ನು ಉಳುವವರಿಗೆ ಕಂಪನಿ ಸವಲತ್ತಿನ ಮೇಲೆ ಕೊಟ್ಟಿತ್ತು. ಆ ನೆಲದ ಕಂದಾಯಕ್ಕೆ 'ಫೊರಾಸ್' ಎಂದು ಹೆಸರು. ಅದರ ತಕರಾರುಗಳನ್ನು ತೀರಿಸಲು 1851ರಲ್ಲಿ ಒಂದು ಕಾಯಿದೆಯೇ ಬಂತು. ಇಂದು ಫೊರಾಸ್ ರೋಡ್ ಎಂದರೆ ಕೆಂಪುದೀಪದ ಬೀದಿಯೆಂದು ಜನ ಮುಖ ತಿರುಗಿಸುತ್ತಾರೆ. ಅದು ರೈತರು ಕಟ್ಟಿದ ಗೇಣಿಯ ಹೆಸರು ಹೊತ್ತ ರಸ್ತೆ.

ಬೈಕುಲ್ಲಾ, ಮರಾಠಿಯ ಭಾಯಖಳಾ, ಎಂಬ ಹೆಸರಿನ ಬಗ್ಗೆ ಎರಡು ಮಾತಿವೆ. ಭಾಯಾ ಎಂಬವನ ಒಕ್ಕಣೆಯ ಕಣ ಎಂಬುದು ಒಂದು, ಕಕ್ಕೆ ಮರಗಳಿದ್ದ ಬಯಲು ಎಂಬುದು ಇನ್ನೊಂದು. ಸುತ್ತಲೂ ಉಬ್ಬರದ ನೀರು ಹಾಯುವ ಗದ್ದೆಯಿರುವಾಗ ತೆನೆ ಬಡಿಯಲು ಒಣ ದಿಬ್ಬ ಬೇಕೇ ಬೇಕು. ನನ್ನ ಮತ ಕಣಕ್ಕೆ.

ಮಾರ್ಕೆಟ್ಟಿನಿಂದ ಹೊರಬಂದು ಚಹಾ ಕುಡಿಯುವಾಗ ನಾನು ಮೀನುಗೊಬ್ಬರದ ಮಾತು ತೆಗೆದೆ. ಈ ವಿಷಯ ಸಿಕ್ಕ ದಿನದಿಂದ ನನ್ನನ್ನು ಬಿಟ್ಟಿಲ್ಲ. 17ನೇ ಶತಮಾನದ ಮುಂಬಯಿಯಲ್ಲಿ ಭತ್ತ ಬಿಟ್ಟರೆ ತೆಂಗೇ ದೊಡ್ಡ ಬೆಳೆ. ತೆಂಗಿನ ಬುಡಕ್ಕೆ ಸಣ್ಣ ಮೀನು ಹೂಳುತ್ತಿದ್ದರು. ಕಂಪನಿಯವರು ಅದನ್ನು 'ಬಕ್‌ಶಾ' ಎಂದು ಕರೆದರು. 1670ರ ದಶಕದಲ್ಲಿ ಇಲ್ಲಿದ್ದ ವೈದ್ಯ ಜಾನ್ ಫ್ರೈಯರ್ ಊರಿನ ಕಾಯಿಲೆಗೆ ಕೊಟ್ಟ ಕಾರಣಗಳಲ್ಲಿ ಈ ಕೊಳೆತ ಮೀನಿನ ನಾತವೂ ಒಂದು. 1690ರಲ್ಲಿ ಬಂದ ಪಾದ್ರಿ ಓವಿಂಗ್ಟನ್, ತನ್ನ ಜೊತೆ ಹಡಗಿಳಿದ 24 ಪ್ರಯಾಣಿಕರಲ್ಲಿ 20 ಮಂದಿ ಮಳೆಗಾಲ ಮುಗಿಯುವ ಮೊದಲೇ ಸತ್ತರೆಂದು ಬರೆದ. ಸಾವಿಗೆ ಒಬ್ಬ ಅಪರಾಧಿ ಬೇಕಿತ್ತು. ಮೀನುಗೊಬ್ಬರದ ಮೇಲೆ ಕಂಪನಿ ನಿಷೇಧ ಹೇರಿತು.

ಹಿರಿಯರು ಚಹಾ ಲೋಟ ಕೆಳಗಿಟ್ಟು, "ನಮ್ಮಲ್ಲೂ ಹಾಕ್ತಿದ್ರಲ್ಲೋ! ತಾರ್ಲೆ ರಾಶಿ ಬಿದ್ದ ವರ್ಷ ತಿನ್ನೋರಿಲ್ಲದೆ ತೆಂಗಿನ ಬುಡಕ್ಕೇ. ವಾಸ್ನೆ ಹೌದು, ನಾಲ್ಕು ದಿನ ಅಂಗಳಕ್ಕೆ ಬರ್ಲಿಕ್ಕೆ ಆಗ್ತಿರ್ಲಿಲ್ಲ. ಅದ್ರಿಂದ ಯಾರೂ ಸತ್ತದ್ದು ಕಂಡಿಲ್ಲ" ಎಂದರು.

ಅವರ ಮಾತೇ ಸರಿ. ಕನ್ನಡ, ಮಲಬಾರ್ ಕರಾವಳಿಗಳಲ್ಲಿ ತೆಂಗಿಗೆ ಮಾತ್ರವಲ್ಲ, ಘಟ್ಟದ ಕಾಫಿ ತೋಟಗಳಿಗೂ ಒಣ ತಾರ್ಲೆ, ಅಂದರೆ ಬೂತಾಯಿ, ಗೊಬ್ಬರವಾಗಿ ಹೋಗುತ್ತಿತ್ತು. ಮುಂಬಯಿಯಲ್ಲಿ ಜನರನ್ನು ಕೊಂದದ್ದರಲ್ಲಿ ದೊಡ್ಡ ಪಾಲು ಮಲೇರಿಯಾದ್ದು ಎಂದು ನಾನು ನಂಬುತ್ತೇನೆ. ನಿಂತ ನೀರಿನ ಊರಿನಲ್ಲಿ ಅದಕ್ಕೆ ಬರವಿರಲಿಲ್ಲ. ಆ ಜ್ವರ ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅದಕ್ಕೆ ಮೊದಲು ಬಹುಕಾಲ ನಾತವೇ ರೋಗ ಎಂಬ ನಂಬಿಕೆ ಆಳಿತು, ರೈತರ ಸಾವಯವ ಗೊಬ್ಬರಕ್ಕೆ ಕೆಟ್ಟ ಹೆಸರು ಬಂತು. ತೋಟದವರ ಅಹವಾಲನ್ನು ಯಾರಾದರೂ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಓದಲು ಸಿಗುವುದೆಲ್ಲ ಮೂಗು ಮುಚ್ಚಿಕೊಂಡವರ ಬರಹ.

ಆಮೇಲೆ ಆಗ್ರಿಪಾಡಾದತ್ತ ನಡೆದೆವು. ಭತ್ತ ಮತ್ತು ಉಪ್ಪು ಬೆಳೆದ ಆಗ್ರಿ ಜನರ ಪಾಡಾ, ಅಂದರೆ ಕೇರಿ, ಅದು. ಅತ್ತ ಬೆಲಾಸಿಸ್ ರೋಡ್ ಇದೆ. 1793ರ ಬರಗಾಲದಲ್ಲಿ ಸೂರತ್ತಿನಿಂದ ಹೊಟ್ಟೆಪಾಡಿಗೆ ಓಡಿಬಂದ ಬಡವರು ಚಂದಾ ಹಣದ ಕೂಲಿಗೆ ಹಾಕಿದ ರಸ್ತೆ. ಹೆಸರು ಮಾತ್ರ ಕೆಲಸ ಮಾಡಿಸಿದ ಸೇನಾಧಿಕಾರಿಯದು. ಉಳಿದದ್ದು ಬೇಗ ಮುಗಿಯುವ ಕಥೆ: ಬಯಲಿನಲ್ಲಿ ಕುದುರೆ ಜೂಜು ಬಂತು, ಸಾಹೇಬರ ಕ್ಲಬ್ ಬಂತು, 1853ರಲ್ಲಿ ರೈಲು ಓಡಿತು, ಗಿರಣಿಗಳು ಎದ್ದವು, ಚಾಳುಗಳು ತುಂಬಿದವು.

ರಾಣಿಬಾಗ್ ಮಾತ್ರ ಹಸಿರಾಗಿ ಉಳಿದಿದೆ. ಇದನ್ನು ಎಲ್ಲರೂ ಪ್ರಾಣಿ ಸಂಗ್ರಹಾಲಯ ಎಂದೇ ಬಲ್ಲರು. ಪೆಂಗ್ವಿನ್ ಬಂದ ಮೇಲಂತೂ ಕೇಳುವುದೇ ಬೇಡ. ಆದರೆ 1862ರಲ್ಲಿ ಇದನ್ನು ತೆರೆದದ್ದು ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘದ ತೋಟವಾಗಿ. ಸಂಘದ ಮೊದಲ ತೋಟ ಶಿವಡಿಯಲ್ಲಿತ್ತು, ಆ ಜಾಗ ಸ್ಮಶಾನವಾಯಿತು. 1873ರಲ್ಲಿ ಸಂಘ ಮುಚ್ಚಿ ರಾಣಿಬಾಗ್ ಪುರಸಭೆಗೆ ಸೇರಿತು. ಅಲ್ಲಿನ ಗೋರಖ ಹುಣಸೆಯ ಬುಡಕ್ಕೆ ಹಿರಿಯರು ಕೈಯಿಟ್ಟು, "ಇದು ಉಳಿದದ್ದೇ ದೊಡ್ಡದು" ಎಂದರು.

ಮುಂಬಯಿಯ ಮೂಲದವರು ಯಾರೆಂದು ಮಕ್ಕಳು ಕೇಳಿದರೆ ಕೋಲಿ ಮೀನುಗಾರರು ಎಂದು ನಿಲ್ಲಿಸುತ್ತೇವೆ. ಅದು ಅರ್ಧ ಸತ್ಯ. ಉಪ್ಪುನೆಲದಲ್ಲಿ ಭತ್ತ ತೆಗೆದ ಆಗ್ರಿ, ಕುಣಬಿಗಳನ್ನೂ ತೆಂಗು ತಾಳೆ ಹತ್ತಿದ ಭಂಡಾರಿಗಳನ್ನೂ ಸೇರಿಸಿ ಹೇಳಿ. ರಸ್ತೆಗಳ ಹೆಸರು ಬದಲಿಸಲು ಅಷ್ಟು ಉತ್ಸಾಹ ತೋರುವ ಪಾಲಿಕೆ, ಇಲ್ಲಿ ಗದ್ದೆಯಿತ್ತು ಎಂಬ ಒಂದು ಫಲಕವನ್ನಾದರೂ ಆಗ್ರಿಪಾಡಾದಲ್ಲಿ ನೆಡಲಿ. ಓದುಗರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಮುಂಬಯಿಯ ಜಮೀನಿನ ಪತ್ರ, ಗೇಣಿ ಚೀಟಿ ಇದ್ದರೆ ರದ್ದಿಗೆ ಹಾಕಬೇಡಿ. ರಾಣಿಬಾಗ್ ನೋಡಹೊರಟರೆ ಬುಧವಾರ ಬಿಟ್ಟು ಹೋಗಿ, ಅಂದು ರಜೆ.